ಮೇಲಿನ ಕಿಟಕಿಯ ಮೇಸ್ತ್ರಿ

ಅವರ ಬಲಗೈಯ ತೋರುಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ. ಉಳಿದ ಮೋಟು ಬೆರಳು ನುಣ್ಣಗೆ ಹೊಳೆಯುತ್ತಿತ್ತು, ಚಳಿಗಾಲದಲ್ಲಿ ನೀಲಿಗಟ್ಟುತ್ತಿತ್ತು. ಬಾಕಿ ಒಂಬತ್ತು ಬೆರಳು ಪೂರ್ತಿ ಇದ್ದರೂ ಏನನ್ನು ತೋರಿಸಬೇಕಾದರೂ ಅವರು ಚಾಚುತ್ತಿದ್ದದ್ದು ಅದನ್ನೇ. ಮೊದಲ ಸಲ ನೋಡಿದಾಗ ನನಗೆ ಒಳಗೊಳಗೇ ಪುಕುಪುಕು. ಜಪಾನಿನಲ್ಲಿ ಬೆರಳು ಕತ್ತರಿಸಿಕೊಂಡವರು ಎಂಥವರು ಅಂತ ಎಲ್ಲೆಲ್ಲೋ ಕೇಳಿದ್ದೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ರೌಡಿಗಳದ್ದು ಕಿರುಬೆರಳು. ನಂದು ತೋರುಬೆರಳು. ಇದನ್ನ ತಿಂದಿದ್ದು ಡೀಸೆಲ್," ಅಂದರು.

ಡೀಸೆಲ್ ಬೆರಳು ತಿನ್ನುತ್ತದೆಯೇ ಅಂತ ನಕ್ಕುಬಿಟ್ಟೆ. ಆಗ ಅವರು ಹೇಳಿದ ಕತೆ ಇದು: ಇಪ್ಪತ್ತೆರಡು ವರ್ಷದವರಿದ್ದಾಗ ಲಾರಿಯೊಂದರ ಎಂಜಿನ್ ಚಾಲೂ ಇಟ್ಟು, ಇಂಜೆಕ್ಟರಿಗೆ ಹೋಗುವ ಪೈಪಿನಲ್ಲಿ ಸೋರಿಕೆ ಎಲ್ಲಿ ಅಂತ ಬೆರಳಿನಿಂದ ಸವರಿ ಹುಡುಕಿದರಂತೆ. ಒಳಗಿನ ಒತ್ತಡಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಯಿತು. ಸೂಜಿ ಚುಚ್ಚಿದಷ್ಟೂ ನೋವಾಗಲಿಲ್ಲ. ಮರುದಿನ ಬೆರಳು ಕಪ್ಪಾಯಿತು, ಮೂರನೆಯ ದಿನ ವೈದ್ಯರು ಕತ್ತರಿಸಿದರು. "ಅದಕ್ಕೇ ಈ ಬೆರಳಲ್ಲೇ ತೋರಿಸೋದು. ಇದಕ್ಕೆ ಬುದ್ಧಿ ಬಂದಿದೆ, ಬೇರೆ ಬೆರಳುಗಳಿಗೆ ಇನ್ನೂ ಬಂದಿಲ್ಲ," ಅನ್ನುತ್ತಿದ್ದರು.

ನಮ್ಮ ಮಾತೆಲ್ಲ ಜಪಾನಿಯಲ್ಲಿ ನಡೆಯುತ್ತಿತ್ತು. ನನ್ನದು ಅಂಗಡಿ ಬೀದಿಯ ಜಪಾನಿ, ಅವರದ್ದು ಗ್ಯಾರೇಜಿನ ಜಪಾನಿ. ಅವರು ನನ್ನನ್ನು 'ಓಕುಸಾನ್' ಅನ್ನುತ್ತಿದ್ದರು, ಅಂದರೆ ಮನೆಯಾಕೆ. ನಾನು 'ಮೇಸ್ತ್ರಿ-ಸಾನ್' ಅನ್ನುತ್ತಿದ್ದೆ. ನಮ್ಮೂರಲ್ಲಿ ಗಾಡಿ ರಿಪೇರಿ ಬಲ್ಲವರನ್ನು ಹಾಗೆ ಕರೆಯುತ್ತೇವೆ ಅಂತ ಹೇಳಿದಾಗ ಆ ಪದವನ್ನು ನಾಲಿಗೆಯ ಮೇಲೆ ಎರಡು ಸಲ ಆಡಿಸಿ ನೋಡಿ ಇಟ್ಟುಕೊಂಡುಬಿಟ್ಟರು. ಅವರ ಬೋಳುತಲೆಯ ಮೇಲೆ ಸದಾ ಒಂದು ಬಣ್ಣಗೆಟ್ಟ ಹಸಿರು ಟೋಪಿ. ಬೆಳಿಗ್ಗೆ ಆರೂವರೆಗೆ ರೇಡಿಯೋ ಹಚ್ಚಿ ಅದರ ತಾಳಕ್ಕೆ ವ್ಯಾಯಾಮ, ಆಮೇಲೆ ಬಾರ್ಲಿ ಚಹಾ. ನಮ್ಮ ನಿಂಬೆ ಉಪ್ಪಿನಕಾಯಿ ಅಂದರೆ ಪ್ರಾಣ. ಅನ್ನದ ಮೇಲೆ ಒಂದೇ ಹೋಳು ಇಟ್ಟುಕೊಂಡು, ಅದನ್ನೇ ನೋಡುತ್ತಾ ಇಡೀ ಬಟ್ಟಲು ಮುಗಿಸುತ್ತಿದ್ದರು.

ಒಕಾಜಾಕಿಯ ಹೊರವಲಯದಲ್ಲಿ ಅವರದ್ದೊಂದು ಹಳೆಯ ಗ್ಯಾರೇಜು ಇತ್ತು. ಹೆಂಡತಿ ಹೋದ ಮೇಲೆ ಶಟರ್ ಎಳೆದು ಮೇಲಿನ ಅಂತಸ್ತಿನಲ್ಲಿ ಒಬ್ಬರೇ ಇದ್ದರು. ಅದರ ಅಂಗಳವನ್ನೂ ಪಕ್ಕದ ಎರಡು ಕೋಣೆಗಳನ್ನೂ ನಾವು ಬಾಡಿಗೆಗೆ ಹಿಡಿದಿದ್ದೆವು. ನಮ್ಮೆಜಮಾನರು ಮೈಸೂರಿನವರು, ವಾಹನದ ಬಿಡಿಭಾಗ ಮಾಡುವ ಕಂಪನಿಗೆ ಎಂಜಿನಿಯರಾಗಿ ಬಂದವರು. ಕೆಲಸ ಬಿಟ್ಟು, ಹಳೆಯ ಡೀಸೆಲ್ ಟ್ರಕ್ಕೊಂದನ್ನು ಕೊಂಡು, ಬೆನ್ನಿಗೆ ಅಡುಗೆಮನೆ ಕಟ್ಟಿಸಿದರು. ಮಧ್ಯಾಹ್ನ ಕಾರ್ಖಾನೆ ಗೇಟಿನಲ್ಲಿ, ಸಂಶೋಧನಾಲಯದ ಹಿಂದಿನ ರಸ್ತೆಯಲ್ಲಿ ದೋಸೆ, ಚಿತ್ರಾನ್ನ, ಸಾರು-ಅನ್ನ. ಹುಚ್ಚಾಟ ಅಂತ ಎಲ್ಲರೂ ಅಂದರು, ನಾನೂ ಅಂದೆ. ಆದರೆ ಜನ ಸಾಲು ನಿಂತರು. ನಮ್ಮ ಊಟ, ಮಗಳ ಶಾಲೆ, ಈ ದೇಶದಲ್ಲಿ ನಾವು ಇರಬಹುದು ಅನ್ನುವ ವೀಸಾ, ಎಲ್ಲವೂ ಆ ಟ್ರಕ್ಕಿನ ಬೆನ್ನ ಮೇಲಿತ್ತು.

ಕೊರೊನಾ ಬಂದ ವರ್ಷ ಮಾರ್ಚಿನಲ್ಲಿ ಎಜಮಾನರು ಅಣ್ಣನ ಮಗಳ ಮದುವೆಗೆ ಅಂತ ಹತ್ತು ದಿನಕ್ಕೆ ಮೈಸೂರಿಗೆ ಹೋದರು. ಹೋದವರು ಹೋದಲ್ಲೇ ಉಳಿದರು. ಮೊದಲು ಅಲ್ಲಿಂದ ವಿಮಾನ ನಿಂತಿತು. ಆಮೇಲೆ ಇಲ್ಲಿಯವರು ಬಾಗಿಲು ಹಾಕಿದರು. ಇಲ್ಲಿ ಮನೆ, ಹೆಂಡತಿ, ಮಗಳು ಇದ್ದರೂ ಹೊರಗಿನವರು ಹೊರಗೇ. ಒಂಬತ್ತು ವರ್ಷದ ಮಗಳು, ಎಂದೂ ನಾನೊಬ್ಬಳೇ ಓಡಿಸಿರದ ಟ್ರಕ್ಕು, ಮತ್ತು ನಾನು. ವಸಂತವೆಲ್ಲ ಕಾರ್ಖಾನೆ ಮುಚ್ಚಿತ್ತು. ಜೂನ್‌ನಲ್ಲಿ ಮತ್ತೆ ತೆರೆದಾಗ ಒಬ್ಬಳೇ ಗಾಡಿ ತೆಗೆದೆ.

ಮೇಸ್ತ್ರಿಯವರು ಆ ಹೊತ್ತಿಗೆ ಮೇಲಿನಿಂದ ಇಳಿಯುವುದನ್ನೇ ನಿಲ್ಲಿಸಿದ್ದರು. ಅವರಿಗೆ ಎಪ್ಪತ್ತೆಂಟು. ಒಂದು ಶ್ವಾಸಕೋಶದ ಅರ್ಧವನ್ನು ಹಿಂದೆಯೇ ತೆಗೆದಿದ್ದರು. ಸೋಂಕು ತಗಲಿದರೆ ಉಳಿಯುವುದಿಲ್ಲ ಅಂತ ವೈದ್ಯರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವುದು ಬಿಟ್ಟರೆ ಹೊಸಿಲು ದಾಟಬಾರದು ಅಂತ ಯೋಕೋಹಾಮಾದಲ್ಲಿದ್ದ ಅವರ ಮಗಳು ದಿನವೂ ಫೋನಿನಲ್ಲಿ ಆಣೆ ಹಾಕಿಸುತ್ತಿದ್ದರು. ಹಾಗಾಗಿ ಕಿಟಕಿಗೆ ಒಂದು ಹಗ್ಗ, ಹಗ್ಗಕ್ಕೆ ಪ್ಲಾಸ್ಟಿಕ್ ಬುಟ್ಟಿ. ಸಾರು-ಅನ್ನ ಮೇಲೆ ಹೋಗುತ್ತಿತ್ತು, ತೊಳೆದ ಡಬ್ಬಿ ಕೆಳಗೆ ಬರುತ್ತಿತ್ತು. ಕೂಗಿ ಮಾತಾಡುವಷ್ಟು ಉಸಿರು ಅವರಿಗಿರಲಿಲ್ಲ. ಹೇಳಬೇಕಾದದ್ದನ್ನು ಹಳೇ ಕ್ಯಾಲೆಂಡರಿನ ಹಾಳೆಗಳ ಬೆನ್ನ ಮೇಲೆ ದಪ್ಪ ಪೆನ್ನಿನಲ್ಲಿ ಬರೆದು ಕಿಟಕಿಯಲ್ಲಿ ಹಿಡಿಯುತ್ತಿದ್ದರು. ಚೀನಿ ಅಕ್ಷರಗಳು ನನಗೆ ಓದಲು ಬಾರದೆಂದು ಇಲ್ಲಿಯ ಮಕ್ಕಳು ಮೊದಲು ಕಲಿಯುವ ಸುಲಭದ ಅಕ್ಷರಗಳಲ್ಲಿ, ಒಂದೊಂದೂ ಇಡ್ಲಿಯಷ್ಟು ದಪ್ಪ.

ಜುಲೈನ ಒಂದು ಮಧ್ಯಾಹ್ನ ಕಾರ್ಖಾನೆಯ ಗಿರಾಕಿಯೊಬ್ಬ ಅರ್ಧ ತಿಂದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದ. ಸೊಂಟ ಬಗ್ಗಿಸಿ, ತಪ್ಪು ತನ್ನದೇ ಅನ್ನುವ ಹಾಗೆ, "ಸುಮಿಮಾಸೆನ್, ಇವತ್ತು ಊಟದಲ್ಲಿ ಸ್ವಲ್ಪ ಎಣ್ಣೆ ವಾಸನೆ," ಅಂದ. ಯಾವ ಎಣ್ಣೆ ಅಂತ ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನ್ನ ಮಗಳು ಎರಡು ದಿನದಿಂದ ಮೂಗು ಮುಚ್ಚಿಕೊಂಡು "ಅಮ್ಮಾ, ಕುಸಾಯ್, ಕುಸಾಯ್" ಅನ್ನುತ್ತಲೇ ಇದ್ದಳು. ನಾತ, ನಾತ ಅಂತ. ನಾನು ಕೇಳಿಸಿಕೊಂಡೂ ಕೇಳಿಸಿಕೊಂಡಿರಲಿಲ್ಲ. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ನೆಲದ ಮೇಲೆ ಅಂಗೈಯಗಲದ ಒದ್ದೆ. ಮುಂದೆ ಡೀಸೆಲ್ ಸೋರುತ್ತಿದೆ, ಹಿಂದೆ ಗ್ಯಾಸ್ ಒಲೆ ಉರಿಯುತ್ತಿದೆ. ಓಡಿಹೋಗಿ ಒಲೆ ಆರಿಸಿದೆ.

ಗಾಯದ ಮೇಲೆ ಬರೆ ಅನ್ನುವ ಹಾಗೆ, ಗಾಡಿಯ ಶಾಕೆನ್ ಆಗಸ್ಟಿನ ಮೊದಲ ವಾರಕ್ಕೆ ಮುಗಿಯುತ್ತಿತ್ತು. ಶಾಕೆನ್ ಅಂದರೆ ಸರ್ಕಾರದ ತಪಾಸಣೆ. ಅದರ ಚೀಟಿ ಗಾಜಿನ ಮೇಲಿಲ್ಲದೆ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ವಸಂತದಲ್ಲಿ ಮುಗಿಯುವವರಿಗೆಲ್ಲ ಗಡುವು ಮುಂದೂಡಿದ್ದರು, ನಮ್ಮದನ್ನು ಮುಂದೂಡಲಿಲ್ಲ. ಡೀಸೆಲ್ ತೊಟ್ಟಿಕ್ಕುವ ಗಾಡಿ ಪಾಸಾಗುವುದಿಲ್ಲ. ಗಾಡಿ ನಿಂತರೆ ವ್ಯಾಪಾರ ನಿಲ್ಲುತ್ತದೆ, ವ್ಯಾಪಾರ ನಿಂತರೆ ವೀಸಾ. ಹೊರಡಿ ಅಂದರೆ ಹೊರಡಲು ವಿಮಾನವೂ ಇಲ್ಲ! ಎರಡು ಗ್ಯಾರೇಜುಗಳಿಗೆ ಹೋದೆ. ಹಳೇ ಎಂಜಿನ್, ಪಂಪನ್ನೇ ಬದಲಿಸಬೇಕು, ಸಾಮಾನು ಬರಲು ಎರಡು ತಿಂಗಳು ಅಂದರು. ನನ್ನ ಹತ್ತಿರ ಇದ್ದದ್ದು ಮೂರು ವಾರ.

ಅಂಗಳಕ್ಕೆ ಬಂದು ಗಾಡಿ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತು ಅತ್ತೆ. ನಾಚಿಕೆಗೀಚಿಕೆ ಏನೂ ಆಗಲಿಲ್ಲ. ಮೇಲೆ ಕಿಟಕಿ ಸರಿದ ಸದ್ದಾಯಿತು. ಹಾಳೆಯ ಮೇಲೆ: "ಕ್ಯಾಬಿನ್ ಬಗ್ಗಿಸು."

ಈ ಟ್ರಕ್ಕುಗಳಲ್ಲಿ ಎಂಜಿನ್ ಡ್ರೈವರ್ ಸೀಟಿನ ಕೆಳಗಿರುತ್ತದೆ. ಹಿಂದಿನ ಕೊಂಡಿ ತೆಗೆದು ಕ್ಯಾಬಿನ್ನನ್ನು ಮುಂದಕ್ಕೆ ಬಗ್ಗಿಸಿದರೆ ಎಂಜಿನ್ ಆಕಾಶಕ್ಕೆ ತೆರೆದುಕೊಳ್ಳುತ್ತದೆ. ಮೇಲಿನ ಕಿಟಕಿಯಿಂದ ನೋಡಿದರೆ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ. ಮೇಸ್ತ್ರಿಯವರು ದುರ್ಬೀನು ಹಿಡಿದು ಕೂತರು. ಹಾಗೆ ಶುರುವಾಯಿತು ನನ್ನ ಪಾಠ. ಕಣ್ಣು ಅವರದ್ದು, ಕೈ ನನ್ನದು.

ಮೊದಲ ದಿನವೇ ಬೈಸಿಕೊಂಡೆ. ಹಿರಿಯರು ನೋಡುತ್ತಾರೆ, ಗಲೀಜಾಗಿದ್ದರೆ ಹೇಗೆ ಅಂತ ಬೆಳಿಗ್ಗೆಯೇ ಎದ್ದು ಬಿಸಿನೀರು, ಸೋಪು, ಹಳೇ ಪಂಚೆ ಹಿಡಿದು ಎಂಜಿನ್ನನ್ನು ಹಬ್ಬದ ಪಾತ್ರೆಯ ಹಾಗೆ ತಿಕ್ಕಿ ಒರೆಸಿಟ್ಟಿದ್ದೆ. ಮೆಚ್ಚುತ್ತಾರೆ ಅಂದುಕೊಂಡು ಮೇಲೆ ನೋಡಿದರೆ ಕಿಟಕಿಯಿಂದ ಉಸಿರು ಕಟ್ಟಿದ ದನಿ.

"ಒರೆಸು ಅಂತ ಯಾರು ಹೇಳಿದ್ದು? ಸೋರಿದ ದಾರಿಯೆಲ್ಲ ಅಲ್ಲಿತ್ತು! ಎಲ್ಲ ಅಳಿಸಿಬಿಟ್ಟೆ!"

"ಕೊಳೆ ಇತ್ತು ಮೇಸ್ತ್ರಿ-ಸಾನ್."

"ಕೊಳೆಯೇ ಸಾಕ್ಷಿ, ಓಕುಸಾನ್. ನೀನು ಸಾಕ್ಷಿಗೆ ಸ್ನಾನ ಮಾಡಿಸಿ ಕಳಿಸಿದ್ದೀಯ!"

ಆಮೇಲೆ ಸಮಾಧಾನವಾಗಿ ಹಾಳೆಯಲ್ಲಿ ಬರೆದರು. ಒರೆಸಿದ್ದು ಒರೆಸಿಯಾಯಿತು, ಇನ್ನು ಒಣಗಿಸು, ಮೇಲೆ ಬಿಳಿ ಪುಡಿ ತೆಳ್ಳಗೆ ಉದುರಿಸು, ಎಂಜಿನ್ ಹಚ್ಚು, ಎಲ್ಲಿ ಮೊದಲು ಒದ್ದೆಯಾಗುತ್ತದೋ ನೋಡು. ಮಗುವಿನ ಪೌಡರ್ ಅಂದರು. ನನ್ನ ಬಳಿ ಎಲ್ಲಿಯ ಪೌಡರ್? ಅಕ್ಕಿಹಿಟ್ಟು ತಂದೆ. ಜರಡಿ ಹಿಡಿದು ಎಂಜಿನ್ನಿನ ಮೇಲೆ ಉದುರಿಸುವಾಗ, ಇದನ್ನು ಮೈಸೂರಿನಲ್ಲಿ ನಮ್ಮತ್ತೆ ನೋಡಿದ್ದರೆ ಏನನ್ನುತ್ತಿದ್ದರೋ ಅನ್ನಿಸಿ ಅಳುವಿನ ನಡುವೆಯೂ ನಗು ಬಂತು. ಎಂಜಿನ್ ಹಚ್ಚಿದೆ. ಕೈಯಿಡಬೇಡ, ರಟ್ಟು ಹಿಡಿ ಅಂತ ಮೋಟು ಬೆರಳು ಗಾಳಿಯಲ್ಲಿ ಆಡುತ್ತಲೇ ಇತ್ತು. ಐದು ನಿಮಿಷಕ್ಕೆ ಹಿಟ್ಟಿನ ಮೇಲೆ ಎರಡು ಕಡೆ ಕಪ್ಪು ಚುಕ್ಕೆ ಎದ್ದಿತು. ಒಂದು, ಇಂಜೆಕ್ಟರುಗಳಿಂದ ಉಳಿಕೆ ಡೀಸೆಲ್ ವಾಪಸು ಹೋಗುವ ರಬ್ಬರ್ ಪೈಪಿನಲ್ಲಿ. ಇನ್ನೊಂದು, ಫಿಲ್ಟರಿನ ಬೋಲ್ಟಿನ ಬುಡದಲ್ಲಿ, ತಾಮ್ರದ ವಾಷರ್ ಸವೆದ ಜಾಗ.

ಬುಟ್ಟಿ ಇಳಿಯಿತು. ಬಿಸ್ಕತ್ತಿನ ಡಬ್ಬಿಯಲ್ಲಿ ಹೊಸ ವಾಷರುಗಳು, ಒಂದು ಮೊಳ ರಬ್ಬರ್ ಪೈಪು, ಹದಿನೇಳರ ಸ್ಪ್ಯಾನರ್. ಮುಚ್ಚಿದ ಗ್ಯಾರೇಜಿನವರಿಗೆ ಇದೆಲ್ಲ ಯಾಕಿತ್ತು ಅಂತ ಆಮೇಲೆ ಕೇಳಿದ್ದೆ. "ಹಲ್ಲು ಹೋಯಿತು ಅಂತ ಬಾಯಿ ಎಸೀತಾರಾ?" ಅಂದರು.

ಅವರ ಇನ್ನೊಂದು ಪದ್ಧತಿ ಇತ್ತು. ಇಲ್ಲಿ ರೈಲಿನವರು, ಕಾರ್ಖಾನೆಯವರು ಎಲ್ಲರೂ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಒಂದೊಂದು ಜಾಗವನ್ನೂ ಬೆರಳು ಮಾಡಿ ತೋರಿಸಿ, ಅದರ ಹೆಸರು ಹೇಳಿ, "ಯೋಶಿ!" ಅಂತ ಗಟ್ಟಿಯಾಗಿ ಕೂಗಬೇಕು. ಸರಿಯಿದೆ ಅಂತ ಅರ್ಥ. ಮನಸ್ಸಿನಲ್ಲೇ ಅಂದುಕೊಂಡರೆ ಲೆಕ್ಕಕ್ಕಿಲ್ಲ. ಬೀದಿಯಲ್ಲಿ ಹೋಗುವವರು ನೋಡುತ್ತಾರೆ ಅಂತ ನಾನು ಮೊದಮೊದಲು ಗೊಣಗಿದೆ. "ಕೂಗು. ಕಣ್ಣು ಸುಳ್ಳು ಹೇಳತ್ತೆ. ಬಾಯಿಗೆ ಸ್ವಲ್ಪ ನಾಚಿಕೆ ಇರತ್ತೆ," ಅಂದರು. ಹಾಗಾಗಿ ಸೀರೆಯ ಮೇಲೆ ಅಡುಗೆ ಏಪ್ರನ್ ಕಟ್ಟಿದ ಹೆಂಗಸೊಬ್ಬಳು ಒಕಾಜಾಕಿಯ ಅಂಗಳದಲ್ಲಿ ನಿಂತು ಎಂಜಿನ್ನಿಗೆ ಬೆರಳು ತೋರಿಸಿ ಕೂಗುತ್ತಿದ್ದಳು: "ಫಿಲ್ಟರ್, ಯೋಶಿ! ವಾಷರ್, ಯೋಶಿ!"

ಆದರೂ ಮರುದಿನ ಬೆಳಿಗ್ಗೆ ನೆಲ ಒದ್ದೆ. ಗಾಡಿ ಸ್ಟಾರ್ಟ್ ಆಗಲು ಹತ್ತು ಸಲ ಕೆಮ್ಮಿತು. ಮತ್ತೆ ಹಿಟ್ಟು, ಮತ್ತೆ ಎಂಜಿನ್. ಹಿಟ್ಟು ಬೆಳ್ಳಗೇ ಉಳಿಯಿತು. ಎಂಜಿನ್ ಓಡುವಾಗ ಎಲ್ಲೂ ಒಂದು ಚುಕ್ಕೆಯಿಲ್ಲ. ಬೆಳಿಗ್ಗೆ ಎದ್ದರೆ ಅದೇ ಜಾಗದಲ್ಲಿ, ಪಂಪಿನ ನೇರ ಕೆಳಗೆ, ಅದೇ ಅಂಗೈಯಗಲದ ಒದ್ದೆ.

ಆ ಸಂಜೆ ಎಜಮಾನರು ವಿಡಿಯೋದಲ್ಲಿ ಸಿಕ್ಕರು.

"ಲೇ, ಅದು ಲೂಸ್ ಇರತ್ತೆ ಕಣೇ. ಪಂಪ್ ಹತ್ರ ಇರೋ ನಟ್ ಎಲ್ಲ ಇನ್ನೊಂದ್ ಸುತ್ತು ಟೈಟ್ ಮಾಡು."

"ರೀ, ನೀವು ಯಾವತ್ತಾದ್ರೂ ಸ್ಪ್ಯಾನರ್ ಹಿಡಿದಿದ್ದೀರಾ?"

"ಹದಿನಾಲ್ಕು ವರ್ಷ ಫ್ಯೂಯಲ್ ಸಿಸ್ಟಮ್ ಡಿಸೈನ್ ಮಾಡಿದೀನಿ!"

"ಕಂಪ್ಯೂಟರಲ್ಲಿ," ಅಂದೆ. ಆದರೂ ಗಂಡನ ಮಾತು ಕೇಳಿದೆ, ನನ್ನ ಕರ್ಮ. ಮೇಸ್ತ್ರಿಯವರಿಗೆ ಹೇಳದೆ ಬೆಳಿಗ್ಗೆ ಫಿಲ್ಟರಿನ ಬೋಲ್ಟನ್ನೂ ಬಿಗಿಮಾಡಿದೆ. ಟಕ್ ಅಂತ ಸದ್ದು. ಹೊಸ ವಾಷರ್ ಅಪ್ಪಚ್ಚಿಯಾಗಿ, ಸೋರದಿದ್ದ ಜಾಗವೂ ಸೋರಲು ಶುರುವಾಯಿತು. ಬುಟ್ಟಿಯಲ್ಲಿ ಇನ್ನೊಂದು ವಾಷರ್ ಇಳಿಯಿತು, ಜೊತೆಗೊಂದು ಹಾಳೆ: "ಬಿಗಿ ಮಾಡುವುದು ಬೇರೆ. ಕೋಪ ತೀರಿಸಿಕೊಳ್ಳುವುದು ಬೇರೆ."

ದಿನಗಳು ಹೋದವು. ಜೀರುಂಡೆಗಳು ಬೆಳಗಿನಿಂದಲೇ ಕಿರುಚತೊಡಗಿದವು. ಒಕಾಜಾಕಿಯ ಕಡೆ ಮತ್ತೆ ಸೋಂಕು ಏರುತ್ತಿದೆ ಅಂತ ದಿನವೂ ಸುದ್ದಿ. ಮೇಸ್ತ್ರಿಯವರು ದುರ್ಬೀನಿನಲ್ಲಿ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಂಡರು. "ತೊಟ್ಟಿಕ್ಕುವ ಜಾಗ ಯಾವಾಗಲೂ ಸುಳ್ಳು ಹೇಳುತ್ತದೆ. ಎಣ್ಣೆ ಎಲ್ಲೋ ಹುಟ್ಟಿ ಎಲ್ಲೋ ಬೀಳುತ್ತದೆ," ಅಂತ ಬರೆದು ತೋರಿಸಿದರು. ಎಲ್ಲಿ ಹುಟ್ಟುತ್ತದೆ? ಅದು ಅವರಿಗೂ ಗೊತ್ತಾಗಲಿಲ್ಲ. ನಾನು ಗಾಡಿಯ ಕೆಳಗೆ ನುಸುಳಿ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದೆ. ಅವರ ಮಡಚುವ ಹಳೇ ಫೋನಿನ ಸಣ್ಣ ಪರದೆಯಲ್ಲಿ ಅದು ಬರೀ ಕತ್ತಲೆ.

ತಪಾಸಣೆಗೆ ಮೂರು ದಿನ ಇತ್ತು. ಕಾರ್ಖಾನೆಯವರು, ವಾಸನೆ ಹೋಗುವವರೆಗೆ ಬರುವುದು ಬೇಡ ಅಂತ ಮೃದುವಾಗಿ ತಿಳಿಸಿದ್ದರು. ಅಂದು ಬೆಳಿಗ್ಗೆ ಒದ್ದೆ ನೆಲ ನೋಡಿದವಳೇ ಸ್ಪ್ಯಾನರನ್ನು ಶಟರಿಗೆ ಬೀಸಿ ಒಗೆದೆ. ಕಿಟಕಿ ಸರಿಯಿತು. ನಾನು ಮೇಲೆ ನೋಡಿ, ಅಂಗಳವೆಲ್ಲ ಕೇಳುವ ಹಾಗೆ ಕೂಗಿದೆ:

"ನನ್ನ ಕೈಲಿ ಆಗಲ್ಲ! ಕೆಳಗೆ ಬನ್ನಿ ಮೇಸ್ತ್ರಿ-ಸಾನ್! ಐದೇ ಐದು ನಿಮಿಷ! ಕೈ ಮುಗೀತೀನಿ, ಬನ್ನಿ!"

ಅವರ ಶ್ವಾಸಕೋಶದ ವಿಷಯ ನನಗೆ ಗೊತ್ತಿತ್ತು. ವೈದ್ಯರು ಹೇಳಿದ್ದೂ ಗೊತ್ತಿತ್ತು. ಗೊತ್ತಿದ್ದೇ ಕೂಗಿದೆ. ಇದನ್ನು ಎಲ್ಲೂ ಮುಚ್ಚಿಡುವುದಿಲ್ಲ.

ಕಿಟಕಿ ಮುಚ್ಚಿತು. ಛೇ, ಎಂಥ ಮಾತಾಡಿದೆ ಅಂತ ಹಣೆ ಚಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಒಳಗಿನ ಮೆಟ್ಟಿಲುಗಳ ಮೇಲೆ ನಿಧಾನವಾದ ಹೆಜ್ಜೆ. ಶಟರ್ ಅರ್ಧ ಎದ್ದಿತು. ಮಾಸ್ಕು, ಹಸಿರು ಟೋಪಿ, ಹಳೇ ನೀಲಿ ಸಮವಸ್ತ್ರ. ಅಷ್ಟು ತಿಂಗಳಲ್ಲಿ ಎಷ್ಟು ಸಣ್ಣಗಾಗಿದ್ದರು!

ನಾನು ಬೇಡ, ಬೇಡ, ತಪ್ಪಾಯಿತು, ಮೇಲೆ ಹೋಗಿ ಅಂದೆ. ಅವರು ಕೇಳಿಸಿಕೊಳ್ಳದೆ ರಟ್ಟು ಹಾಸಿ ಗಾಡಿಯ ಕೆಳಗೆ ಜಾರಿದರು. ಟಾರ್ಚು ಹಿಡಿಯಲು ನಾನೂ ಪಕ್ಕದಲ್ಲಿ ಮಲಗಿದೆ. ಅವರು ಎಂಜಿನ್ನಿನ ಕಡೆ ನೋಡಲೇ ಇಲ್ಲ.

"ಓಡುವಾಗ ಸೋರಲ್ಲ, ನಿಂತಾಗ ಸೋರತ್ತೆ. ಅಂದ್ರೆ ಪಂಪಿನ ಮುಂಚೆ. ಓಡುವಾಗ ಪಂಪು ಎಳೀತಾ ಇರತ್ತೆ, ತೂತಿಂದ ಗಾಳಿ ಒಳಗೆ ಹೋಗತ್ತೆ, ಡೀಸೆಲ್ ಹೊರಗೆ ಬರಲ್ಲ. ಅದಕ್ಕೇ ಬೆಳಿಗ್ಗೆ ಸ್ಟಾರ್ಟ್ ಆಗದೆ ಕೆಮ್ಮೋದು. ನಾನು ಮುದುಕ ಮಂಕ, ಅಂಗಳ ಮುಂದಕ್ಕೆ ಇಳಿಜಾರು ಅನ್ನೋದನ್ನೂ ಮರೆತೆ."

ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ಕಬ್ಬಿಣದ ಸಣ್ಣ ಪೈಪು ಅಡುಗೆ ಪೆಟ್ಟಿಗೆಯ ಕೆಳಗೆ ಚಾಸಿಯ ಗುಂಟ ಹಾದುಹೋಗುತ್ತದೆ. ಮೋಟು ಬೆರಳು ಅದರ ಮೇಲೆ ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಜಾರಿತು. ಒಂದು ಕಡೆ ನಿಂತಿತು. ಮೇಲಿಂದ ಹನಿಯೊಂದು ಅವರ ಮುಖದ ಮೇಲೆ ಬಿತ್ತು, ಮಾಸ್ಕು ಒದ್ದೆಯಾಯಿತು. ಥೂ ಅಂತ ಅದನ್ನು ಕಿತ್ತು ಪಕ್ಕಕ್ಕೆ ಎಸೆದರು. ನಾನು ಹೇಳಬೇಕಿತ್ತು, ಹಾಕಿಕೊಳ್ಳಿ ಅಂತ. ಹೇಳಲಿಲ್ಲ. ಅವರ ಬೆರಳು ನಿಂತ ಜಾಗವನ್ನೇ ನೋಡುತ್ತಿದ್ದೆ.

ಪೈಪಿಗೆ ಸುತ್ತಿದ್ದ ತುಕ್ಕು ಹಿಡಿದ ಕಬ್ಬಿಣದ ತಂತಿ. ಗಾಡಿ ಅಲುಗಿದಾಗಲೆಲ್ಲ ಉಜ್ಜಿ ಉಜ್ಜಿ ಅದು ಪೈಪಿಗೆ ತೂತು ಕೊರೆದಿತ್ತು. ಅಲ್ಲಿಂದ ಡೀಸೆಲ್ ಪೈಪಿನ ಹೊಟ್ಟೆಯ ಗುಂಟ ಇಳಿಜಾರಿನಲ್ಲಿ ಹರಿದು ಮುಂದೆ ಪಂಪಿನ ಕೆಳಗೆ ಬೀಳುತ್ತಿತ್ತು.

"ಇದನ್ನ ಯಾರು ಕಟ್ಟಿದ್ದು?" ಅಂದರು.

ತಂತಿಯ ತುದಿಯಲ್ಲಿ ಒಣಗಿ ಕಪ್ಪಾದ ಒಂದು ಮೆಣಸಿನಕಾಯಿ ತೊಟ್ಟು ಇನ್ನೂ ನೇತಾಡುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಹೋದ ವರ್ಷದ ಆಯುಧಪೂಜೆಗೆ ಗಾಡಿಗೆ ಕುಂಕುಮ ಹಚ್ಚಿ, ದೃಷ್ಟಿಯಾಗದಿರಲಿ ಅಂತ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದೆವು. ಮುಂದೆ ಕಟ್ಟಿದರೆ ಇಲ್ಲಿಯವರು ಏನಂದುಕೊಳ್ಳುತ್ತಾರೋ ಅಂತ ಸಂಕೋಚ. "ಯಾರಿಗೂ ಕಾಣದ ಹಾಗೆ ಕೆಳಗೆ ಕಟ್ರೀ, ಗಟ್ಟಿಯಾಗಿ ಕಟ್ಟಿ," ಅಂದವಳು ನಾನೇ. ಹದಿನಾಲ್ಕು ವರ್ಷ ಇಂಧನದ ಪೈಪು ವಿನ್ಯಾಸ ಮಾಡಿದ ಎಂಜಿನಿಯರು ಕೈಗೆ ಸಿಕ್ಕ ಪೈಪಿಗೆ ತಂತಿ ಸುತ್ತಿ ಬಂದಿದ್ದರು. ಮಾಡಿದ್ದುಣ್ಣೋ ಮಹಾರಾಯ!

ತಡವರಿಸುತ್ತಾ ವಿವರಿಸಿದೆ. ಮಲಗಿದಲ್ಲೇ ಗಂಭೀರವಾಗಿ ಕೇಳಿದರು. "ನಾವೂ ದೇವಸ್ಥಾನದ ತಾಯಿತ ಕಟ್ತೀವಿ," ಅಂದರು. "ಕನ್ನಡಿಗೆ. ಪೈಪಿಗಲ್ಲ." ಆಮೇಲೆ ನಗು ತಡೆಯಲಾಗಲಿಲ್ಲ ಅವರಿಗೆ. ನಕ್ಕು ನಕ್ಕು ಕೆಮ್ಮು ಬಂತು, ನನಗೂ ನಗು ಬಂತು. ಎರಡು ಗೇಣು ದೂರದಲ್ಲಿ ಮುಖಕ್ಕೆ ಮುಖ, ಗಾಡಿಯ ಕೆಳಗೆ ಮಲಗಿ ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಅವರು ವಾಪಸು ಮೇಲೆ ಹೋಗಲಿಲ್ಲ. ಶಟರ್ ಪೂರ್ತಿ ಎತ್ತಿಸಿ, ಮೂಲೆಯಿಂದ ಹೊಸ ಪೈಪಿನ ತುಂಡು ಹುಡುಕಿ, ಅಳೆದು, ಕೊಯ್ದು, ಎರಡೂ ತುದಿಯನ್ನು ಹೂವಿನ ಬಾಯಿಯ ಹಾಗೆ ಅರಳಿಸಿ, ಬಗ್ಗಿಸಿ ಜೋಡಿಸಿದರು. ಎರಡು ಗಂಟೆ ಹಿಡಿಯಿತು. ಒಂದು ಸಲವೂ ಅವಸರ ಮಾಡಲಿಲ್ಲ. ಕೊನೆಗೆ ಇಬ್ಬರೂ ಬೆರಳು ಚಾಚಿ ಕೂಗಿದೆವು. ಅವರ "ಯೋಶಿ" ಸಣ್ಣದಾಗಿತ್ತು, ಆದರೆ ಎಷ್ಟು ತೃಪ್ತಿಯಿತ್ತು ಅದರಲ್ಲಿ.

ಗಾಡಿ ಪಾಸಾಯಿತು. ತಪಾಸಣೆ ಕೇಂದ್ರದಲ್ಲಿ ಗಾಡಿಯ ಕೆಳಗಿನ ಹೊಂಡಕ್ಕಿಳಿದು ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ ನೋಡಿದ ಅಧಿಕಾರಿ, ಹೊಸ ಪೈಪಿನ ಹತ್ತಿರ ಎರಡು ಕ್ಷಣ ನಿಂತು, "ಒಳ್ಳೇ ಕೆಲಸ, ಯಾರು ಮಾಡಿದ್ದು?" ಅಂದ. ನಮ್ಮ ಮೇಸ್ತ್ರಿ ಅಂದೆ. ಅಂಗಳಕ್ಕೆ ಬಂದು ಮೂರು ಸಲ ಹಾರನ್ ಹೊಡೆದೆ. ಕಿಟಕಿ ಸರಿಯಿತು. ಗಾಜಿನ ಮೇಲಿನ ಹೊಸ ಚೀಟಿಯನ್ನು ದುರ್ಬೀನಿನಲ್ಲಿ ನೋಡಿ, ಮೋಟು ಬೆರಳು ಚಾಚಿದರು. ಅದು ಶುಕ್ರವಾರ.

ಭಾನುವಾರ ಅವರಿಗೆ ಜ್ವರ ಬಂತು. ಸಂಜೆ ಬಿಳಿ ಉಡುಪಿನವರು ಬಂದು ಕರೆದೊಯ್ದರು. ನನ್ನನ್ನೂ ಮಗಳನ್ನೂ ದೂರ ನಿಲ್ಲಿಸಿದರು. ಗಾಲಿಮಂಚದ ಮೇಲೆ ಅವರ ಟೋಪಿ ಇರಲಿಲ್ಲ. ಬೋಳು ತಲೆ ನೋಡಲಾಗದೆ, ಟೋಪಿ ಟೋಪಿ ಅಂತ ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ಹದಿಮೂರು ದಿನ ಬದುಕಿದ್ದರು. ನಮ್ಮಿಬ್ಬರಿಗೂ ಪರೀಕ್ಷೆ ಮಾಡಿದರು, ಸೋಂಕು ಇಲ್ಲ ಅಂದರು. ಪರೀಕ್ಷೆಯ ದಿನ ಇರಲಿಲ್ಲ. ಗಾಡಿಯ ಕೆಳಗೆ ಮಲಗಿದ ದಿನ?

ಸುಟ್ಟ ಮೇಲೆ ಮೂಳೆಯನ್ನಷ್ಟೇ ಮನೆಯವರಿಗೆ ಕೊಟ್ಟರಂತೆ. ಆಗಸ್ಟ್ ಕೊನೆಗೆ ಅವರ ಮಗಳು ಮನೆ ಖಾಲಿ ಮಾಡಲು ಯೋಕೋಹಾಮಾದಿಂದ ಬಂದರು. ಅಂಗಳದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ನಾಲ್ಕು ದಿನದಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತನ್ನು ಹೇಳಿದೆ.

"ನಿಮ್ಮ ತಂದೆಯವರನ್ನ ಕೆಳಗೆ ಕರೆದವಳು ನಾನು. ಕೂಗಿ ಕರೆದೆ."

"ಗೊತ್ತು," ಅಂದರು ಆಕೆ. "ಆ ಸಂಜೆ ಅಪ್ಪ ಫೋನ್ ಮಾಡಿದ್ದರು. ನಾನು ಬೈದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಒಂದು ಗಂಟೆ ಪೈಪಿನ ಮಾತು, ನಿಂಬೆಹಣ್ಣಿನ ಮಾತು. ಅಮ್ಮ ಹೋದ ಮೇಲೆ ಅವರು ಅಷ್ಟು ನಕ್ಕಿದ್ದು ನಾನು ಕೇಳಿರಲಿಲ್ಲ." ಆಮೇಲೆ, "ಅದೇ ವಾರ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿಂದಲೂ ಬಂದಿರಬಹುದು," ಅಂದರು.

ಬಂದಿರಬಹುದು. ಈ ಒಂದು ಮಾತನ್ನು ಹಿಡಿದುಕೊಂಡೇ ನಾನು ಇಷ್ಟು ವರ್ಷ ಕಳೆದಿದ್ದೇನೆ. ಕೆಲವು ದಿನ ಅದು ನನ್ನನ್ನು ಹೊರುತ್ತದೆ, ಕೆಲವು ದಿನ ಹೊರುವುದಿಲ್ಲ.

ಹೋಗುವಾಗ ಆಕೆ ಒಂದು ಕಟ್ಟನ್ನು ನೆಲದ ಮೇಲಿಟ್ಟು ಹಿಂದೆ ಸರಿದರು. ಕ್ಯಾಲೆಂಡರ್ ಹಾಳೆಗಳು. ಕ್ಯಾಬಿನ್ ಬಗ್ಗಿಸು, ಕೈಯಿಡಬೇಡ, ಕೋಪ ತೀರಿಸಿಕೊಳ್ಳುವುದು ಬೇರೆ, ಎಲ್ಲ ಇತ್ತು. ಎಲ್ಲಕ್ಕಿಂತ ಮೇಲಿನದ್ದು ನಾನು ನೋಡಿರದ ಹಾಳೆ. ಜ್ವರ ಬರುವ ಮುಂಚೆ ಬರೆದು, ತೋರಿಸಲು ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ. ಮೆಟ್ಟಿಲ ಮೇಲೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

"ಹೊಸ ಜಾಯಿಂಟು ಮೊದಲ ವಾರ ಸ್ವಲ್ಪ ಸಡಿಲವಾಗುತ್ತದೆ. ಸೋಮವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಬೇಕು. ಕರೆಯಬೇಡ. ನಾನೇ ಇಳಿದು ಬರುತ್ತೇನೆ."

ಎಜಮಾನರು ಚಳಿ ಶುರುವಾದ ಮೇಲೆ ವಾಪಸಾದರು. ಅದಕ್ಕೆ ಮುಂಚೆ ಬಂದ ಆಯುಧಪೂಜೆಯನ್ನು ನಾನೊಬ್ಬಳೇ ಮಾಡಿದೆ. ಗಾಡಿಗೆ ಕುಂಕುಮ ಹಚ್ಚಿ, ಅವರ ಹದಿನೇಳರ ಸ್ಪ್ಯಾನರಿಗೂ ಹಚ್ಚಿ, ಪಕ್ಕದಲ್ಲಿ ಒಂದು ಹೋಳು ಉಪ್ಪಿನಕಾಯಿ ಇಟ್ಟೆ. ಗಾಡಿ ಇನ್ನೂ ಓಡುತ್ತಿದೆ. ನಾವು ಇನ್ನೂ ಇಲ್ಲೇ ಇದ್ದೇವೆ. ಪ್ರತಿ ಸೋಮವಾರ ಬೆಳಿಗ್ಗೆ ರಟ್ಟು ಹಾಸಿ ಕೆಳಗೆ ಮಲಗಿ, ಟ್ಯಾಂಕಿನಿಂದ ಪಂಪಿನವರೆಗೆ ಒಂದೊಂದು ಜಾಗಕ್ಕೂ ಬೆರಳು ಮಾಡಿ ಕೂಗುತ್ತೇನೆ. ಅವರು ಮಾಡಿದ ಪೈಪಿನ ಹತ್ತಿರ ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ ಮಲಗಿ, ಒಳಗಿನ ಮೆಟ್ಟಿಲ ಕಡೆ ಕಿವಿಗೊಟ್ಟಿರುತ್ತೇನೆ. ಕರೆಯುವುದಿಲ್ಲ.